ಹೇರುವ ಮುಂಚೆ

ನಿಲ್ಲು ಸೊಫೀಪ್, ಈಗಲೇ ಎತ್ತಬೇಡ.
ಮೊದಲು ಪೊರಕೆ.

ಮೂಲೆಮೂಲೆಗೆ ಬಾಗಿ ಗುಡಿಸು. ಹಿಂಬಾಗಿಲ ಸಂದಿನಲ್ಲಿ
ನಿನ್ನೆಯ ತೋಟದ ಕೆಂಪುಮಣ್ಣು ಕೂತಿದೆ ನೋಡು,
ಉಗುರಿನಿಂದಲಾದರೂ ತೆಗೆ.
ಆಮೇಲೆ ಒದ್ದೆ ಬಟ್ಟೆ. ಆಮೇಲೆ ಒಣ ಬಟ್ಟೆ.
ಚಂತಬುರಿಯ ಈ ರಸ್ತೆಯಲ್ಲಿ
ಗಾಡಿಗೆ ಸ್ನಾನ ಮಾಡಿಸಿ ಹಣ್ಣು ಹೇರುವವಳು
ಪ್ರಾನೋಮ್ ಒಬ್ಬಳೇ ಎಂದು
ಕಾಫಿ ಅಂಗಡಿಯವರು ನಗುತ್ತಾರೆ. ನಗಲಿ.
ಎಪ್ಪತ್ತೆರಡು ಕಂತು. ಕಟ್ಟಿದ್ದು ನಲವತ್ತೊಂದು.
ಉಳಿದದ್ದನ್ನು ಅವರು ಕಟ್ಟುತ್ತಾರೆಯೇ?

ಬಣ್ಣ ನೋಡಿದೆಯಾ?
ನೇರಳೆ ತಿಂದ ನಾಲಗೆಯ ಬಣ್ಣ.
ಶೋರೂಮಿನ ಹುಡುಗ ಅದಕ್ಕೊಂದು ಉದ್ದದ ಹೆಸರು ಹೇಳಿದ್ದ,
ಮರೆತೆ.
ಬಿಳಿಯದು ತಗೋ, ಗೀರು ಕಾಣಿಸಲ್ಲ, ಅಂದರು ಎಲ್ಲರೂ.
ಗೀರು ಕಾಣಬಾರದೆಂದು ಬಣ್ಣ ಆರಿಸುವುದು
ಅಳು ಕಾಣಬಾರದೆಂದು
ಮಳೆಯಲ್ಲೇ ಮದುವೆಯಾದ ಹಾಗೆ.

ಮೊದಲ ವರ್ಷ ನನಗೂ ತಿಳಿದಿರಲಿಲ್ಲ.
ಹಲಸಿನ ಮುಳ್ಳು ಬರೀ ಬೆದರಿಕೆ,
ಡ್ಯೂರಿಯನ್ನಿನದು ಹಲ್ಲು.
ಒಂದೊಂದೂ ನಾಲ್ಕು ಕಿಲೋ, ಮೈತುಂಬ ಹಲ್ಲು.
ಮನೆಯ ಹಳೇ ಕಂಬಳಿಗಳನ್ನೆಲ್ಲ ತಂದು ಹಾಸಿದೆ,
ಮೇಲೊಂದು ನೀಲಿ ತಾಡಪಾಲು, ಹಗ್ಗ ಸಡಿಲ.
ಗೋದಾಮಿನ ತನಕ ದಾರಿಯುದ್ದಕ್ಕೂ
ಅದರ ಅಂಚು ಪಟಪಟ, ಪಟಪಟ,
ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ ಅಂದುಕೊಂಡೆ.

ಸುಗ್ಗಿ ಮುಗಿದ ದಿನ ಕಂಬಳಿ ಎತ್ತಿದರೆ
ಒಂದು ಮುಳ್ಳಿನ ಗಾಯವೂ ಇಲ್ಲ.
ಹೊಳಪೂ ಇಲ್ಲ.
ಅಡಿಯಲ್ಲಿ ಸಿಕ್ಕ ಮರಳು, ಗಾಡಿ ಕುಲುಕಿದಾಗಲೆಲ್ಲ
ಉಜ್ಜಿ ಉಜ್ಜಿ
ಪೊರೆ ಬಂದ ಕಣ್ಣು ಮಾಡಿಬಿಟ್ಟಿತ್ತು.
ತಾಡಪಾಲು ತಟ್ಟಿದ ಕಡೆಯೆಲ್ಲ ಬೆಳ್ಳಗೆ.
ಬೇಲಿಯೇ ಎದ್ದು ಹೊಲ ಮೇಯ್ದಿತ್ತು.
ಇಲ್ಲೇ, ಈ ಹಿಂಬಾಗಿಲ ಮೇಲೆ ಕೂತೆ.
ಅಳಲಿಲ್ಲ. ಲೆಕ್ಕ ಹಾಕಿದೆ.

ಥೊಂಗ್‌ಬೈ ಮಾವ ಬಂದ ಅಷ್ಟರಲ್ಲಿ.
ಮೂವತ್ತು ವರ್ಷ ಮರದಡಿ ನಿಂತು
ಮೇಲಿನವನು ಕೊಯ್ದು ಬಿಟ್ಟ ಹಣ್ಣನ್ನು
ಗೋಣಿಯಲ್ಲಿ ಹಿಡಿದವನು. ಹೋದದ್ದು ಎರಡು ಹಲ್ಲು ಮಾತ್ರ.
ಗೋಣಿ ಬಿಗಿ ಹಿಡಿದರೆ ಹರಿಯುತ್ತೆ, ಅಂದ,
ಬಿಟ್ಟು ಹಿಡಿದರೆ ಜಾರುತ್ತೆ.
ಬೀಳುವುದರ ಜೊತೆ ಒಂದು ಗೇಣು ನೀನೂ ಇಳಿ.
ಗಾಡಿಯ ಬಗ್ಗೆ ಮಾತೇ ಆಡದೆ
ಬೀಡಿ ಕೇಳಿ ಹೋದ.

ಅದಕ್ಕೇ ಈಗ ಹೀಗೆ.
ಲಾರಿಯ ಟ್ಯೂಬು ಸೀಳಿ ಅಂಚಿಗೆಲ್ಲ ತೊಡಿಸಿದ್ದೇನೆ.
ತಳಕ್ಕೆ ರಬ್ಬರು, ಅದರ ಮೇಲೆ ಬಾಳೆಪಟ್ಟೆ,
ಇವತ್ತೇ ಸುಲಿದದ್ದಾಗಬೇಕು, ಒಣಗಿದ್ದು ತಾನೇ ಗೀರುತ್ತದೆ.
ಮೊದಲ ಸಾಲು ಪಕ್ಕದ ತಗಡಿನಿಂದ ಅಂಗೈ ದೂರ.
ಹಗ್ಗ ಮೀಟಿದರೆ ನಾದ ಬರಬೇಕು.
ಬಣ್ಣ ದಾಟುವಲ್ಲಿ ಅದಕ್ಕೆ ಕಾಲುಚೀಲ ಹಾಕು,
ನನ್ನ ಗಂಡನದು. ಇದ್ದಾಗಲೂ ಅವನು ಹಾಕಿದ್ದಿಲ್ಲ.
ನಿನ್ನ ಬೆಲ್ಟು ಬಿಚ್ಚಿಡು, ಒರಗಿ ಎತ್ತುವಾಗ
ಆ ಬಕಲೇ ದೊಡ್ಡ ಕಳ್ಳ.

ಗೀರು ಬಿದ್ದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾಳೆ
ಅಂತ ಹೇಳಿದ್ದಾರಾ ನಿನಗೆ? ಹೇಳಿರುತ್ತಾರೆ.
ಇದುವರೆಗೆ ಮುರಿದಿಲ್ಲ.
ಮುರಿಯಲ್ಲ ಅಂತಲೂ ಹೇಳಲ್ಲ.

ಏನದು, ತೋಳು?
ಈಚೆ ತೋರಿಸು. ಟಾರ್ಚು ಹಿಡಿ.
ಗಡಿ ದಾಟಿ ಬಂದು ಮೂರು ವಾರ,
ಮುಂಗೈಯಿಂದ ಮೊಣಕೈ ತನಕ
ಗೀರಿನ ಮೇಲೆ ಗೀರು, ಕೆಲವು ಕೀವು ಕಟ್ಟಿದ್ದು.
ಯಾಕೆ ಹೇಳಲಿಲ್ಲ?
ನಾನು ಕೇಳಲಿಲ್ಲ. ಸರಿ.

ಸೀಟಿನಡಿ ಇನ್ನೊಂದು ಜೊತೆ ಕಾಲುಚೀಲ ಇದೆ.
ಬೆರಳಿನ ಕಡೆ ಕತ್ತರಿಸಿ
ತೋಳಿಗೆ ಏರಿಸಿಕೋ.

ತಾಳು. ಹಾಗೇ ಅಲ್ಲ.
ಮೊದಲು ತೊಳೆ.